0.40 ಸೆಕೆಂಡು ನಿಧಾನ

2017ರ ಮಾರ್ಚ್ ತಿಂಗಳು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್ ಕಾಲೇಜು ಆಟಗಾರರನ್ನು ಪರೀಕ್ಷಿಸುವ 'ಕಂಬೈನ್' ನಡೆದಿತ್ತು. ಅಲ್ಲಿ ವಾಷಿಂಗ್ಟನ್ ರಾಜ್ಯದ ಕಾಲೇಜುಗಳ ಇಬ್ಬರು ಹುಡುಗರು 40 ಗಜ ಓಡಿದರು. ಅಂದರೆ ಸುಮಾರು ಮೂವತ್ತಾರೂವರೆ ಮೀಟರ್. ಸಿಯಾಟಲ್‌ನ ದೊಡ್ಡ ವಿಶ್ವವಿದ್ಯಾಲಯದಿಂದ ಬಂದಿದ್ದ ಜಾನ್ ರಾಸ್ 4.22 ಸೆಕೆಂಡಿನಲ್ಲಿ ಮುಗಿಸಿದರು. ಹಳೆಯ ದಾಖಲೆ 4.24 ಇತ್ತು, ಅದು ಮುರಿಯಿತು. ಟಿವಿಯಲ್ಲಿ ಇಡೀ ದಿನ ಅದೇ ಮಾತು. ಸ್ಪೋಕೇನ್ ಹತ್ತಿರದ ಚೀನೀ ಎಂಬ ಸಣ್ಣ ಊರಿನ ಈಸ್ಟರ್ನ್ ವಾಷಿಂಗ್ಟನ್‌ನಿಂದ ಬಂದಿದ್ದ ಕೂಪರ್ ಕಪ್ 4.62 ತೆಗೆದುಕೊಂಡರು. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ಮಾತಾಡಿದವರು ಮಾತಾಡಿದ್ದೂ 'ನಿಧಾನ' ಅಂತ.

0.40 ಸೆಕೆಂಡು ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಆ ವೇಗದಲ್ಲಿ ಅದು ಸುಮಾರು ನಾಲ್ಕು ಮೀಟರ್ ಅಂತರ. ಇಬ್ಬರೂ ಒಟ್ಟಿಗೆ ಓಡಿದ್ದರೆ ರಾಸ್ ಗೆರೆ ದಾಟುವಾಗ ಕಪ್ ಒಂದು ಕಾರಿನುದ್ದ ಹಿಂದೆ ಇರುತ್ತಿದ್ದರು.

ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಮುಂದಿನ ತಿಂಗಳು ನಡೆದ ಡ್ರಾಫ್ಟ್‌ನಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡ ರಾಸ್ ಅವರನ್ನು 9ನೇ ಆಯ್ಕೆಯಾಗಿ ತೆಗೆದುಕೊಂಡಿತು. ಕಪ್ ಹೆಸರು ಬಂದಿದ್ದು ಮೂರನೇ ಸುತ್ತಿನಲ್ಲಿ, 69ನೇ ಆಯ್ಕೆಯಾಗಿ. ಕರೆದಿದ್ದು ಲಾಸ್ ಏಂಜಲೀಸ್ ರ‍್ಯಾಮ್ಸ್. ಮೊದಲ ವರ್ಷವೇ ಕಪ್ 62 ಚೆಂಡು ಹಿಡಿದರು. ರಾಸ್ ಮೊದಲ ವರ್ಷ ಹಿಡಿದಿದ್ದು ಸೊನ್ನೆ. 2021ರ ಸೀಸನ್ ಮುಗಿಯುವ ಹೊತ್ತಿಗೆ, ಐದು ವರ್ಷದಲ್ಲಿ, ಅವರ ಒಟ್ಟು ಲೆಕ್ಕವೂ 62ಕ್ಕೇ ಬಂದು ನಿಂತಿತ್ತು.

ರಾಸ್ ಬಗ್ಗೆ ನಗುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರಿಗೆ ಗಾಯಗಳು ಬಹಳ ಕಾಡಿದವು. 2018ರಲ್ಲಿ 21 ಚೆಂಡು ಹಿಡಿದು 7 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಗಳಿಸುವುದು) ಮಾಡಿದವರು ಅವರು, ಸಾಮಾನ್ಯ ಆಟಗಾರನಲ್ಲ. ನನ್ನ ಕುತೂಹಲ ಬೇರೆ. 69ನೇ ಜಾಗದಲ್ಲಿ ಕಪ್ ಹೆಸರು ಬರೆದವರು ಏನನ್ನು ನೋಡಿದ್ದರು? ಅದಕ್ಕೂ ಮೊದಲು, ಉಳಿದವರಿಗೆ ಅದು ಯಾಕೆ ಕಾಣಲಿಲ್ಲ?

ರಿಸೀವರ್ ಅಂದರೆ ಯಾರು

ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಒಂದು ಕಡೆ 11, ಇನ್ನೊಂದು ಕಡೆ 11 ಜನ. ಕ್ವಾರ್ಟರ್‌ಬ್ಯಾಕ್ ಎಂಬಾತ ಚೆಂಡು ಎಸೆಯುತ್ತಾನೆ. ಮೈದಾನದ ಅಂಚಿನ ಕಡೆ ನಿಂತು, ಓಡಿ, ಆ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ಅವನನ್ನು ನೆರಳಿನಂತೆ ಹಿಂಬಾಲಿಸುವ ಎದುರಾಳಿ ಕಾರ್ನರ್‌ಬ್ಯಾಕ್.

ಓಡುವುದು ಅಂದರೆ ಮನಸ್ಸಿಗೆ ಬಂದಂತೆ ಓಡುವುದಲ್ಲ. ಪ್ರತಿ ಆಟಕ್ಕೂ ಮೊದಲೇ ಗೆರೆ ಎಳೆದ ದಾರಿ ಇರುತ್ತದೆ. ಅದಕ್ಕೆ ರೂಟ್ ಅನ್ನುತ್ತಾರೆ. 12 ಗಜ ನೇರ ಹೋಗಿ, ಗಕ್ಕನೆ ನಿಂತು, ಹಿಂದೆ ತಿರುಗು. ಅಥವಾ 10 ಗಜಕ್ಕೆ ಎಡಕ್ಕೆ ಮುರಿ. ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಎರಡೂವರೆ, ಮೂರು ಸೆಕೆಂಡು. ಅಷ್ಟರಲ್ಲಿ ಎಸೆಯದಿದ್ದರೆ ನೂರಿಪ್ಪತ್ತು ಕೆಜಿಯ ಯಾರಾದರೂ ಬಂದು ಅವನನ್ನು ಕೆಡವುತ್ತಾರೆ. ಹಾಗಾಗಿ ಎಷ್ಟೋ ಸಲ ರಿಸೀವರ್ ತಿರುಗುವ ಮೊದಲೇ ಚೆಂಡು ಕೈಬಿಟ್ಟಿರುತ್ತದೆ. ಅವನು ತಿರುಗಿದಾಗ ಚೆಂಡು ಅಲ್ಲಿರಬೇಕು. ಚೆಂಡು ಬಂದಾಗ ಅವನು ಅಲ್ಲಿರಬೇಕು.

ಶಾಲೆಯಲ್ಲಿ ಖೋ-ಖೋ ಆಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಖೋ-ಖೋದಲ್ಲಿ ಅಟ್ಟಿಸಿಕೊಂಡು ಬರುವವನು ಒಮ್ಮೆ ದಿಕ್ಕು ಹಿಡಿದ ಮೇಲೆ ಹಿಂದಕ್ಕೆ ತಿರುಗುವ ಹಾಗಿಲ್ಲ. ಚಾಲಾಕಿ ಓಟಗಾರ ಬರೀ ಜೋರಾಗಿ ಓಡುವುದಿಲ್ಲ. ಭುಜವನ್ನು ಸ್ವಲ್ಪ ಆ ಕಡೆ ವಾಲಿಸಿ, ಬೆನ್ನಟ್ಟುವವನು ಆ ದಿಕ್ಕು ಹಿಡಿಯುವಂತೆ ಮಾಡಿ, ಈ ಕಡೆ ಜಾರಿಕೊಳ್ಳುತ್ತಾನೆ. ಫುಟ್‌ಬಾಲ್‌ನಲ್ಲಿ ಹಿಂದೆ ತಿರುಗಬಾರದು ಅಂತ ನಿಯಮ ಇಲ್ಲ. ಆದರೆ ಕಾರ್ನರ್‌ಬ್ಯಾಕ್‌ನ ಸೊಂಟ ಒಮ್ಮೆ ಒಂದು ಕಡೆ ತಿರುಗಿತು ಅಂದರೆ ಅವನ ದೇಹವೇ ಆ ನಿಯಮ ಹಾಕುತ್ತದೆ. ಅದನ್ನು ಮತ್ತೆ ತಿರುಗಿಸಿಕೊಳ್ಳುವಷ್ಟರಲ್ಲಿ ರಿಸೀವರ್‌ಗೆ ಎರಡು ಗಜ ಜಾಗ ಸಿಕ್ಕಿರುತ್ತದೆ. ಎರಡು ಗಜ ಅಂದರೆ ಈ ಮಟ್ಟದಲ್ಲಿ ದೊಡ್ಡ ಬಯಲು.

ಅಂದರೆ ನೇರ ಓಟದ ವೇಗ ಈ ಕೆಲಸದ ಒಂದು ಭಾಗ ಮಾತ್ರ. ಇನ್ನೊಂದು ಭಾಗ ನಿಲ್ಲುವುದು. ಪೂರ್ತಿ ವೇಗದಲ್ಲಿ ಬಂದವನು ಎಷ್ಟು ಹೆಜ್ಜೆಯಲ್ಲಿ ನಿಲ್ಲುತ್ತಾನೆ? ಒಳ್ಳೆಯವನು ಎರಡು ಮೂರು ಹೆಜ್ಜೆಯಲ್ಲಿ ನಿಲ್ಲುತ್ತಾನೆ. ಸೊಂಟ ಕೆಳಗೆ ಬರುತ್ತದೆ, ತಲೆ ಏಳುವುದಿಲ್ಲ, ಕೈ ಬೀಸುವುದು ನಿಲ್ಲುವುದಿಲ್ಲ. ಸಾಧಾರಣದವನಿಗೆ ಐದಾರು ಹೆಜ್ಜೆ ಬೇಕು. ಅಷ್ಟೇ ಅಲ್ಲ, ನಿಲ್ಲುವ ಮುಂಚೆ ಎದೆ ನೆಟ್ಟಗಾಗುತ್ತದೆ, ಪುಟ್ಟ ಪುಟ್ಟ ಹೆಜ್ಜೆ ಶುರುವಾಗುತ್ತದೆ. ಕಾರ್ನರ್‌ಬ್ಯಾಕ್ ಅದನ್ನು ನೋಡಿಯೇ 'ಓ, ನಿಲ್ತಾ ಇದಾನೆ' ಅಂತ ತಿಳಿದುಕೊಳ್ಳುತ್ತಾನೆ. ಮುಂದೆ ಹೋಗುವ ಕಾರಿನ ಕೆಂಪು ದೀಪ ನೋಡಿ ನಾವು ಬ್ರೇಕ್ ಒತ್ತುವುದಿಲ್ವಾ, ಹಾಗೆ. ಕಪ್ ಆಟದಲ್ಲಿ ಆ ದೀಪ ಉರಿಯುತ್ತಿರಲಿಲ್ಲ. 4.62 ಎಂಬ ಅಂಕಿಯಲ್ಲಿ ಈ ವಿಷಯ ಎಲ್ಲೂ ಇಲ್ಲ. 40 ಗಜ ಓಡಿದವನು ಎಲ್ಲಿ ಬೇಕಾದರೂ ನಿಲ್ಲಬಹುದು, ಯಾರೂ ಅಳೆಯುವುದಿಲ್ಲ.

ಟಿವಿಯಲ್ಲಿ ಕಾಣದ ಆಟ

ರಿಸೀವರ್‌ಗಳು ಕಣ್ತಪ್ಪಿ ಹೋಗುವುದಕ್ಕೆ ಒಂದು ಸರಳ ಕಾರಣ ಕ್ಯಾಮೆರಾ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಚೆಂಡು ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ ಇರುವಷ್ಟು ಹೊತ್ತು ರಿಸೀವರ್ ಪರದೆಯ ಹೊರಗೆ ಇರುತ್ತಾನೆ. ಅವನ ಕೆಲಸದ ಬಹುಪಾಲು ಆಗುವುದೇ ಆಗ. ಚೆಂಡು ಹಾರಿ ಬಂದಾಗ ಕ್ಯಾಮೆರಾ ಅವನ ಮೇಲೆ ಬರುತ್ತದೆ, ನಮಗೆ ಕಾಣುವುದು ಕೊನೆಯ ಹಿಡಿತ ಅಷ್ಟೇ. ಅಡುಗೆಮನೆ ನೋಡದೆ ಎಲೆ ಮೇಲೆ ಬಡಿಸಿದ್ದನ್ನು ಮಾತ್ರ ನೋಡಿದ ಹಾಗೆ.

ತಂಡಗಳಿಗಾಗಿ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ನೋಡುವುದು ಬೇರೆ ಚಿತ್ರ. ಎತ್ತರದಿಂದ, 22 ಆಟಗಾರರೂ ಚೌಕಟ್ಟಿನೊಳಗೆ ಕಾಣುವಂತೆ ತೆಗೆದ ವಿಡಿಯೊ. ಅದಕ್ಕೆ 'ಆಲ್-22' ಅನ್ನುತ್ತಾರೆ. ಗೋಲಿನ ಹಿಂದಿನಿಂದ ತೆಗೆದ ಇನ್ನೊಂದು ಕೋನವೂ ಇರುತ್ತದೆ. ಇದನ್ನು ನೋಡುವುದು ಬೇಜಾರಿನ ಕೆಲಸ. ಸದ್ದಿಲ್ಲ, ಕಾಮೆಂಟರಿ ಇಲ್ಲ. ಒಂದೇ ಆಟವನ್ನು ಹತ್ತು ಸಲ ಹಿಂದೆ ಮುಂದೆ ಓಡಿಸುತ್ತಾರೆ.

ಅದರಲ್ಲಿ ಏನು ಹುಡುಕುತ್ತಾರೆ? ಮೊದಲು, ಚೆಂಡು ತನ್ನ ಕಡೆ ಬರುವುದಿಲ್ಲ ಅಂತ ಗೊತ್ತಿದ್ದಾಗ ಇವನು ಹೇಗೆ ಓಡುತ್ತಾನೆ. ಸೋಮಾರಿಯಾಗಿ ಓಡಿದರೆ, ಜೋರು ಓಡಿದಾಗೆಲ್ಲ ಚೆಂಡು ಬರುತ್ತದೆ ಅಂತ ಎದುರಾಳಿಗೆ ತಿಳಿದುಬಿಡುತ್ತದೆ. ಆಮೇಲೆ ಕೈ. ಚೆಂಡನ್ನು ಬೆರಳಲ್ಲಿ ಮುಂದೆ ಚಾಚಿ ಹಿಡಿಯುತ್ತಾನಾ, ಎದೆಗೆ ಅವಚಿಕೊಳ್ಳುತ್ತಾನಾ? ಎದೆಗೆ ಅವಚಿಕೊಳ್ಳುವವನಿಗೆ ಚೆಂಡು ಅರ್ಧ ಗಜ ತಡವಾಗಿ ಸಿಗುತ್ತದೆ. ಆ ಅರ್ಧ ಗಜದಲ್ಲಿ ಕಾರ್ನರ್‌ಬ್ಯಾಕ್ ಕೈ ತೂರಿಸುತ್ತಾನೆ. ಮೂರನೆಯದು, ಎದುರಾಳಿ ಶುರುವಿನಲ್ಲೇ ಎದೆಗೆ ಕೈಯಿಟ್ಟು ತಡೆದರೆ ಬಿಡಿಸಿಕೊಂಡು ಹೋಗುವುದಕ್ಕೆ ಬರುತ್ತದಾ? ಕಾಲೇಜಿನಲ್ಲಿ ಎಷ್ಟೋ ಕಾರ್ನರ್‌ಬ್ಯಾಕ್‌ಗಳು ದೂರ ನಿಂತು ಕಾಯುತ್ತಾರೆ. ಹಾಗಾಗಿ ಎಷ್ಟೋ ರಿಸೀವರ್‌ಗಳು ಈ ಪರೀಕ್ಷೆಯನ್ನೇ ಬರೆಯದೆ ಪಾಸಾಗಿರುತ್ತಾರೆ.

ಹಿಡಿದ ಚೆಂಡಿನ ಲೆಕ್ಕಕ್ಕಿಂತ ಬಿಡಿಸಿಕೊಂಡ ಜಾಗದ ಲೆಕ್ಕ ಮುಖ್ಯ ಅಂತ ಇದರಿಂದಲೇ ಬಂದಿದ್ದು. ಇವನು ಖಾಲಿ ಜಾಗಕ್ಕೆ ಬಂದಿದ್ದಾನೆ, ಆದರೆ ಕ್ವಾರ್ಟರ್‌ಬ್ಯಾಕ್ ನೋಡಲೇ ಇಲ್ಲ, ಅಥವಾ ಕೆಟ್ಟದಾಗಿ ಎಸೆದ. ಅಂಕಿಅಂಶದ ಹಾಳೆಯಲ್ಲಿ ಅದು ಸೊನ್ನೆ. ಸ್ಕೌಟ್ ಪುಸ್ತಕದಲ್ಲಿ ಅದಕ್ಕೆ ಅಂಕ ಇದೆ.

ಕಾರಿನಲ್ಲೇ ಕಳೆಯುವ ಜನ

ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಆಟಗಾರರು ಬರುವುದು ಕಾಲೇಜುಗಳಿಂದ. ಏಪ್ರಿಲ್‌ನಲ್ಲಿ 7 ಸುತ್ತಿನ ಡ್ರಾಫ್ಟ್ ನಡೆಯುತ್ತದೆ, ಸುಮಾರು 250 ಜನರನ್ನು ಆರಿಸುತ್ತಾರೆ. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ನಮ್ಮ ಐಪಿಎಲ್ ಹರಾಜಿನ ಹಾಗಲ್ಲ ಇದು. ದುಡ್ಡು ಜಾಸ್ತಿ ಹೇಳಿ ಎಳೆದುಕೊಳ್ಳುವ ಹಾಗಿಲ್ಲ. ನಿಮ್ಮ ಸರದಿ ಬರುವವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು, ಇಲ್ಲವೇ ನಿಮ್ಮ ಸರದಿಗಳನ್ನು ಬಿಟ್ಟುಕೊಟ್ಟು ಬೇರೆ ತಂಡದ ಸರದಿ ಪಡೆಯಬೇಕು.

2011ರಿಂದ ಹೊಸಬರ ಸಂಬಳಕ್ಕೂ ಕಟ್ಟುನಿಟ್ಟಿನ ಪಟ್ಟಿ ಬಂತು. ಆಯ್ಕೆಯ ಸಂಖ್ಯೆ ನೋಡಿದರೆ ಸಂಬಳ ಹೆಚ್ಚುಕಮ್ಮಿ ಹೇಳಿಬಿಡಬಹುದು. 9ನೇ ಆಯ್ಕೆಗೆ ಆಗ ನಾಲ್ಕು ವರ್ಷಕ್ಕೆ ಸುಮಾರು 1.7 ಕೋಟಿ ಡಾಲರ್. 69ನೆಯವನಿಗೆ ಅದರ ಕಾಲು ಭಾಗವೂ ಇಲ್ಲ. ಕೊನೆ ಸುತ್ತಿನಲ್ಲಿ ಒಬ್ಬ ಒಳ್ಳೆಯ ರಿಸೀವರ್ ಸಿಕ್ಕರೆ ನಾಲ್ಕು ವರ್ಷ ಅಗ್ಗದ ಸಂಬಳದಲ್ಲಿ ಆಡುತ್ತಾನೆ. ಉಳಿದ ದುಡ್ಡಲ್ಲಿ ಬೇರೆಯವರನ್ನು ತರಬಹುದು. ಕಣ್ತಪ್ಪಿದವನನ್ನು ಹುಡುಕುವ ಹಠಕ್ಕೆ ಇದೇ ಕಾರಣ.

ಹುಡುಕುವ ಕೆಲಸ ಪ್ರದೇಶ ಹಂಚಿಕೊಂಡು ನಡೆಯುತ್ತದೆ. ಒಬ್ಬ ಏರಿಯಾ ಸ್ಕೌಟ್‌ಗೆ ಐದಾರು ರಾಜ್ಯ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಕಾರು, ಮೋಟೆಲ್, ಕಾಲೇಜು, ಮತ್ತೆ ಕಾರು. ಬೆಳಗ್ಗೆ ಹೋಗಿ ವಿಡಿಯೊ, ಮಧ್ಯಾಹ್ನ ಪ್ರಾಕ್ಟೀಸ್, ನಡುವೆ ಮಾತು. ಹೆಡ್ ಕೋಚ್ ತನ್ನ ಹುಡುಗನನ್ನು ಹೊಗಳುವುದು ಸಹಜ, ಅದಕ್ಕೆ ಹೆಚ್ಚು ಬೆಲೆ ಇಲ್ಲ. ಗಾಯಕ್ಕೆ ಪಟ್ಟಿ ಕಟ್ಟುವವರು, ಜಿಮ್ ನೋಡಿಕೊಳ್ಳುವವರು, ಸಾಮಾನಿನ ಕೋಣೆಯವರು ಹೇಳುವುದಕ್ಕೆ ಬೆಲೆ ಜಾಸ್ತಿ. ಮಳೆಯ ಬುಧವಾರ ಯಾರು ಮೊದಲು ಬರುತ್ತಾರೆ ಅಂತ ಗೊತ್ತಿರುವುದು ಅವರಿಗೆ.

ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುವುದು ಹೇಗೆ? ಕೆಲವು ತಂಡಗಳು ಸೇರಿ ನಡೆಸುವ ಸ್ಕೌಟಿಂಗ್ ಸಂಸ್ಥೆಗಳಿವೆ. ಹಳೆಯದೊಂದರ ಹೆಸರು ಬ್ಲೆಸ್ಟೊ. ಬೇರ್ಸ್, ಲಯನ್ಸ್, ಈಗಲ್ಸ್, ಸ್ಟೀಲರ್ಸ್ ತಂಡಗಳ ಮೊದಲಕ್ಷರದಿಂದ ಆದ ಹೆಸರು ಅದು. ಮುಂದಿನ ವರ್ಷ ಕೊನೆಯ ವರ್ಷಕ್ಕೆ ಬರುವ ಆಟಗಾರರಿಗೆಲ್ಲ ಇವು ಬೇಸಿಗೆಗೆ ಮೊದಲೇ ಒಂದು ಅಂಕ ಕೊಡುತ್ತವೆ. ಅನುಕೂಲವೇನೋ ಹೌದು. ಆದರೆ ಎಲ್ಲರ ಕೈಯಲ್ಲೂ ಒಂದೇ ಪಟ್ಟಿ ಇದ್ದರೆ ಎಲ್ಲರೂ ಒಂದೇ ಕಡೆ ನೋಡುತ್ತಾರೆ. ಪಟ್ಟಿಯಲ್ಲಿ ಕೆಳಗಿರುವವನಿಗೆ ಸ್ಕೌಟ್ ಕೊಡುವುದು ಅರ್ಧ ದಿನ, ಮೇಲಿರುವವನಿಗೆ ಮೂರು ಭೇಟಿ. ಒಮ್ಮೆ ಹಿಂದೆ ಬಿದ್ದವನು ಹಿಂದೆಯೇ ಉಳಿಯುವುದು ಹೀಗೆ.

ಕೆಂಪು ಮೈದಾನದ ಅನುಮಾನ

ಕಪ್ ಅವರ ಕಥೆಯಲ್ಲಿ ಕಣ್ತಪ್ಪಿದ್ದು ಒಂದು ಸಲ ಅಲ್ಲ, ಎರಡು ಸಲ. ಯಾಕಿಮಾ ಎಂಬ ಊರಿನ ಹೈಸ್ಕೂಲ್ ಮುಗಿಸಿದಾಗ ದೊಡ್ಡ ವಿಭಾಗದ ಒಂದು ಕಾಲೇಜೂ ಅವರಿಗೆ ಸ್ಕಾಲರ್‌ಶಿಪ್ ಕೊಡಲಿಲ್ಲ. ಅಪ್ಪ, ತಾತ ಇಬ್ಬರೂ ಎನ್‌ಎಫ್‌ಎಲ್ ಆಡಿದವರು, ಆದರೂ ಇಲ್ಲ. ಅವರು ಸೇರಿದ ಈಸ್ಟರ್ನ್ ವಾಷಿಂಗ್ಟನ್ ಎಫ್‌ಸಿಎಸ್ ಎಂಬ ಎರಡನೇ ಮಟ್ಟದ ವಿಭಾಗದಲ್ಲಿತ್ತು. ಆಗಿನ ನಿಯಮದಂತೆ ದೊಡ್ಡ ಕಾಲೇಜುಗಳು 85 ಸ್ಕಾಲರ್‌ಶಿಪ್ ಕೊಡಬಹುದಿತ್ತು, ಎಫ್‌ಸಿಎಸ್‌ನವು 63. ಈಸ್ಟರ್ನ್ ವಾಷಿಂಗ್ಟನ್‌ನ ಮೈದಾನದ ಹುಲ್ಲುಹಾಸು ಕೆಂಪು ಬಣ್ಣದ್ದು. ಮೊದಲ ಸಲ ನೋಡಿದರೆ ಟಿವಿ ಕೆಟ್ಟಿದೆಯೇನೋ ಅನಿಸುತ್ತದೆ.

ಅಲ್ಲಿ ಅವರು ನಾಲ್ಕು ವರ್ಷದಲ್ಲಿ 428 ಚೆಂಡು ಹಿಡಿದು, ತಂಡವನ್ನು 6,464 ಗಜ ಮುಂದೆ ಒಯ್ದು, 73 ಟಚ್‌ಡೌನ್ ಮಾಡಿದರು. ಆ ವಿಭಾಗದ ದಾಖಲೆಗಳೆಲ್ಲ ಅವರದ್ದೇ. ಆದರೆ ಸ್ಕೌಟ್ ಇಂಥ ಅಂಕಿ ನೋಡಿ ಖುಷಿಪಡುವುದಿಲ್ಲ, ಅನುಮಾನಪಡುತ್ತಾನೆ. ಎದುರಾಳಿ ಯಾರು? ಆ ಕಾರ್ನರ್‌ಬ್ಯಾಕ್‌ಗಳಲ್ಲಿ ಎಷ್ಟು ಜನ ಮುಂದೆ ವೃತ್ತಿಪರ ಆಟ ಆಡುತ್ತಾರೆ? ಹೆಚ್ಚುಕಮ್ಮಿ ಯಾರೂ ಇಲ್ಲ. ತಾಲ್ಲೂಕು ಮಟ್ಟದ ಬೌಲರ್‌ಗಳಿಗೆ ತ್ರಿಶತಕ ಬಾರಿಸಿದವನನ್ನು ರಣಜಿ ತಂಡಕ್ಕೆ ಹಾಕಿಕೊಳ್ಳುವ ಪ್ರಶ್ನೆ ಇದು. ಜೊತೆಗೆ ವಯಸ್ಸು. ಡ್ರಾಫ್ಟ್ ಹೊತ್ತಿಗೆ ಕಪ್ ಅವರಿಗೆ 23 ದಾಟಿ 24 ಹತ್ತಿರ ಬಂದಿತ್ತು. ಹತ್ತೊಂಬತ್ತರ ಹುಡುಗರ ಮುಂದೆ ಇಪ್ಪತ್ಮೂರರವನು ಚೆನ್ನಾಗಿ ಆಡುವುದರಲ್ಲಿ ಏನು ಆಶ್ಚರ್ಯ ಅಂತ ಕೇಳಬಹುದು. ಇದು ಕೊಂಕು ಪ್ರಶ್ನೆ ಅಲ್ಲ, ಕೇಳಲೇಬೇಕಾದ ಪ್ರಶ್ನೆ.

ಉತ್ತರ ಒಂದು ಕಡೆ ಸಿಗುತ್ತದೆ. ದೊಡ್ಡ ಕಾಲೇಜುಗಳು ಸೀಸನ್ ಶುರುವಿನಲ್ಲಿ ಚಿಕ್ಕ ಕಾಲೇಜಿಗೆ ದುಡ್ಡು ಕೊಟ್ಟು ತಮ್ಮ ಊರಿಗೆ ಕರೆಸಿ ಆಡಿಸುತ್ತವೆ. ದೊಡ್ಡವರಿಗೆ ಸುಲಭದ ಗೆಲುವು, ಚಿಕ್ಕವರಿಗೆ ವರ್ಷದ ಖರ್ಚಿಗೆ ದುಡ್ಡು. ಸ್ಕೌಟ್‌ಗೆ ಅದು ಕಿಟಕಿ. ಅಲ್ಲಿ ಮಾತ್ರ ಚಿಕ್ಕ ಕಾಲೇಜಿನ ಹುಡುಗನ ಮುಂದೆ ನಿಜವಾದ ಎದುರಾಳಿ ನಿಂತಿರುತ್ತಾನೆ.

ದೊಡ್ಡ ಲೀಗಿನ ತಂಡಗಳ ವಿರುದ್ಧ ಕಪ್ ಅವರಿಗೆ ಇಂಥ ಪಂದ್ಯ ನಾಲ್ಕು ಸಿಕ್ಕವು, ವರ್ಷಕ್ಕೊಂದು. 2013ರಲ್ಲಿ ಒರೆಗಾನ್ ಸ್ಟೇಟ್ ವಿರುದ್ಧ 5 ಚೆಂಡು, 119 ಗಜ, 2 ಟಚ್‌ಡೌನ್. ಅದು ಅವರ ಮೊಟ್ಟಮೊದಲ ಕಾಲೇಜು ಪಂದ್ಯ. 2014ರಲ್ಲಿ ವಾಷಿಂಗ್ಟನ್ ವಿರುದ್ಧ 8 ಚೆಂಡು, 145 ಗಜ, 3 ಟಚ್‌ಡೌನ್. 2015ರಲ್ಲಿ ಒರೆಗಾನ್ ವಿರುದ್ಧ 15 ಚೆಂಡು, 246 ಗಜ, ಮತ್ತೆ 3. 2016ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿರುದ್ಧ 12 ಚೆಂಡು, 206 ಗಜ, ಮತ್ತೆ 3. ಒಟ್ಟು 40 ಚೆಂಡು, 716 ಗಜ, 11 ಟಚ್‌ಡೌನ್. ನಾಲ್ಕೂ ತಂಡಗಳು ಆಗ ಪ್ಯಾಕ್-12 ಎಂಬ ದೊಡ್ಡ ಲೀಗಿನವು.

2014ರ ಆ ವಾಷಿಂಗ್ಟನ್ ಪಂದ್ಯ 59–52ಕ್ಕೆ ಮುಗಿಯಿತು. ದೊಡ್ಡವರು ಏದುಸಿರು ಬಿಟ್ಟುಕೊಂಡು ಗೆದ್ದರು. ವಾಷಿಂಗ್ಟನ್ ತಂಡದ ಕಾರ್ನರ್‌ಬ್ಯಾಕ್ ಮಾರ್ಕಸ್ ಪೀಟರ್ಸ್, ಮುಂದಿನ ವರ್ಷ ಮೊದಲ ಸುತ್ತಿನಲ್ಲೇ 18ನೇ ಆಯ್ಕೆಯಾದವರು. ಅದೇ ತಂಡದಲ್ಲಿ ಜಾನ್ ರಾಸ್ ಕೂಡ ಇದ್ದರು. ಅಂದರೆ 2017ರ ಸ್ಟಾಪ್‌ವಾಚ್‌ಗೆ ಎರಡೂವರೆ ವರ್ಷ ಮೊದಲೇ ಉತ್ತರ ವಿಡಿಯೊದಲ್ಲಿ ಇತ್ತು. ಚಿಕ್ಕ ಕಾಲೇಜಿನ 428 ಚೆಂಡಿಗಿಂತ ಈ 40 ಚೆಂಡಿಗೆ ತೂಕ ಜಾಸ್ತಿ. ನನ್ನನ್ನು ಕೇಳಿದರೆ ಇಡೀ ಕಥೆಯ ಅತಿ ಮುಖ್ಯ ಸಾಕ್ಷಿ ಇದೇ.

ಅಳತೆಗಳನ್ನು ಓದುವುದು

ಹಾಗಂತ ಇಂಡಿಯಾನಾಪೊಲಿಸ್‌ನ ಕಂಬೈನ್ ದಂಡ ಅಂತ ಹೇಳಲಾಗದು. ಅದು ಶುರುವಾಗಿದ್ದೇ ವೈದ್ಯಕೀಯ ಪರೀಕ್ಷೆಗೆ. ಪ್ರತಿ ತಂಡ ಪ್ರತಿ ಆಟಗಾರನನ್ನು ಬೇರೆ ಬೇರೆ ಕರೆಸಿ ಎಕ್ಸ್‌ರೇ ತೆಗೆಸುವ ಬದಲು ಎಲ್ಲರನ್ನೂ ಒಂದೇ ಊರಿಗೆ ಸೇರಿಸೋಣ ಅಂತ. ಈಗಲೂ ತಂಡಗಳಿಗೆ ದೊಡ್ಡ ಲಾಭ ಅದೇ. ಓಟ, ಜಿಗಿತ ಎಲ್ಲ ಟಿವಿಗೆ ಚೆನ್ನಾಗಿ ಕಾಣುತ್ತದೆ, ಅದಕ್ಕೇ ನಮಗೆ ಅದು ಮಾತ್ರ ಗೊತ್ತು.

ಓಟದಲ್ಲೂ ಯಾವುದನ್ನು ನೋಡಬೇಕು ಎಂಬುದಿದೆ. ಮೂರು ಕೋನ್ ಇಟ್ಟು ಎಲ್ ಆಕಾರದಲ್ಲಿ ಸುತ್ತಿ ಬರುವ ಒಂದು ಪರೀಕ್ಷೆ ಇದೆ. ಓಡು, ಬಗ್ಗು, ತಿರುಗು, ಮತ್ತೆ ಓಡು. ಅದರಲ್ಲಿ ಕಪ್ 6.75 ಸೆಕೆಂಡು. ಎತ್ತರದ ಆಟಗಾರನಿಗೆ ಅದು ತುಂಬಾ ಒಳ್ಳೆಯ ಸಮಯ. ನೇರ ಓಟದಲ್ಲಿ ಸೋತವರು ತಿರುವಿನಲ್ಲಿ ಗೆದ್ದಿದ್ದರು. ವಿಡಿಯೊದಲ್ಲಿ ಕಂಡ ಬ್ರೇಕಿಗೆ ಇದು ಪುರಾವೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದಾಗಲೇ ಅಂಕಿ ಮಾತಾಡುವುದು.

ಕಂಬೈನ್‌ಗೆ ಮೊದಲು ಅಲಬಾಮಾದ ಮೊಬೈಲ್ ಎಂಬ ಊರಲ್ಲಿ ಸೀನಿಯರ್ ಬೌಲ್ ಎಂಬ, ಕಾಲೇಜು ಮುಗಿಸುತ್ತಿರುವ ಆಟಗಾರರ ಪ್ರದರ್ಶನ ಪಂದ್ಯ ನಡೆಯುತ್ತದೆ. ಕೊನೆಯ ಪಂದ್ಯಕ್ಕಿಂತ ಅದಕ್ಕೂ ಮುಂಚಿನ ಒಂದು ವಾರದ ಪ್ರಾಕ್ಟೀಸ್ ಮುಖ್ಯ. ಒಬ್ಬ ರಿಸೀವರ್, ಒಬ್ಬ ಕಾರ್ನರ್‌ಬ್ಯಾಕ್, ಎದುರುಬದುರು. ಚಿಕ್ಕ ಕಾಲೇಜಿನವನಿಗೆ 'ಎದುರಾಳಿ ಯಾರು' ಎಂಬ ಪ್ರಶ್ನೆಗೆ ಉತ್ತರ ಹೇಳಲು ಇಲ್ಲಿ ಒಂದು ವಾರ ಸಿಗುತ್ತದೆ. ಕಪ್ ಅಲ್ಲಿಗೂ ಹೋಗಿದ್ದರು.

ಆಮೇಲೆ ಸಂದರ್ಶನ. ಬೋರ್ಡ್ ಮೇಲೆ ಒಂದು ಆಟ ಬರೆದು ವಿವರಿಸುತ್ತಾರೆ. ಊರು, ಮನೆ ಅಂತ ಬೇರೆ ಮಾತಾಡುತ್ತಾರೆ. ಹತ್ತು ನಿಮಿಷ ಬಿಟ್ಟು, 'ಅದನ್ನ ಮತ್ತೆ ಬರಿ ನೋಡೋಣ' ಅನ್ನುತ್ತಾರೆ. ರಿಸೀವರ್‌ಗೆ ಇದು ಸುಮ್ನೆ ನೆನಪಿನ ಪರೀಕ್ಷೆ ಅಲ್ಲ. ಎಷ್ಟೋ ರೂಟ್‌ಗಳಲ್ಲಿ ಎದುರಾಳಿ ಹೇಗೆ ನಿಂತಿದ್ದಾನೆ ಅಂತ ನೋಡಿ ಓಡುತ್ತಾ ಓಡುತ್ತಾ ದಾರಿ ಬದಲಿಸಬೇಕು. ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಕ್ಷಣಕ್ಕೆ ಅದೇ ತೀರ್ಮಾನಕ್ಕೆ ಬರಬೇಕು. ಒಬ್ಬ ಎಡಕ್ಕೆ ಅಂದುಕೊಂಡು ಇನ್ನೊಬ್ಬ ಬಲಕ್ಕೆ ಅಂದುಕೊಂಡರೆ ಚೆಂಡು ಎದುರಾಳಿಯ ಕೈಗೆ.

ನಮಗೆ ಬೇಕಾದವನು ಯಾರು

ಇಷ್ಟೆಲ್ಲ ಮಾಹಿತಿ 32 ತಂಡಗಳಿಗೂ ಇರುತ್ತದೆ. ಹಾಗಾದರೆ ರ‍್ಯಾಮ್ಸ್‌ಗೆ ಮಾತ್ರ ಯಾಕೆ? ನಿಜ ಹೇಳಬೇಕಂದರೆ ಕಪ್‌ಗಿಂತ ಮೊದಲು ಆಯ್ಕೆಯಾದ ರಿಸೀವರ್‌ಗಳು ಆರೇ ಜನ. ಅವರು ಯಾರಿಗೂ ಗೊತ್ತಿಲ್ಲದ ಹುಡುಗ ಆಗಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಷ್ಟು ಬೆಲೆ ಕೊಡಬೇಕು ಎಂಬಲ್ಲಿ ತಪ್ಪಿದರು.

ರ‍್ಯಾಮ್ಸ್ 2016ರಲ್ಲಿ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್‌ಗಾಗಿ ಮುಂದಿನ ವರ್ಷದ ಮೊದಲ ಸುತ್ತನ್ನೇ ಬಿಟ್ಟುಕೊಟ್ಟಿತ್ತು. ಹಾಗಾಗಿ 2017ರಲ್ಲಿ ಅವರ ಕೈಯಲ್ಲಿ ದೊಡ್ಡ ಆಯ್ಕೆ ಇರಲಿಲ್ಲ. ಬಡತನ ಕಣ್ಣು ತೆರೆಸುತ್ತದೆ ಅಂತಾರಲ್ಲ. ಹೊಸ ಕೋಚ್ ಶಾನ್ ಮೆಕ್‌ವೇ ಬಂದಿದ್ದರು, ನೇಮಕವಾದಾಗ ವಯಸ್ಸು 30. ಅವರ ಆಟದಲ್ಲಿ ರಿಸೀವರ್‌ಗಳು ಅಂಚಿಗೆ ಹರಡಿ ನಿಲ್ಲುವುದಿಲ್ಲ, ಮಧ್ಯಕ್ಕೆ ಒತ್ತಿ ನಿಲ್ಲುತ್ತಾರೆ. ಅಲ್ಲಿಂದ ಎಡಕ್ಕೂ ಬಲಕ್ಕೂ ದಾರಿ ಇದೆ, ಎದುರಾಳಿಗೆ ಊಹೆ ಕಷ್ಟ. ಆದರೆ ಅಷ್ಟು ಒಳಗೆ ನಿಂತವನು ಚೆಂಡು ಹಿಡಿಯದಾಗ ದೊಡ್ಡ ದೊಡ್ಡ ದೇಹಗಳನ್ನು ತಳ್ಳಿ ದಾರಿ ಬಿಡಿಸಲೂಬೇಕು. ಅದಕ್ಕೆ ಬ್ಲಾಕ್ ಮಾಡುವುದು ಅಂತಾರೆ. ಎಷ್ಟೋ ವೇಗದ ರಿಸೀವರ್‌ಗಳಿಗೆ ಇದು ಇಷ್ಟವಿಲ್ಲದ ಕೆಲಸ. ಕಪ್ ಅವರಿಗೆ ಇದು ಕೆಲಸದ ಭಾಗ.

ಹಾಗಾಗಿ ಸ್ಕೌಟ್ ಕೇಳುವ ಪ್ರಶ್ನೆ 'ಇವನು ಎಷ್ಟು ಒಳ್ಳೆಯವನು' ಅಂತ ಇದ್ದರೆ ಸಾಲದು. 'ನಮ್ಮಲ್ಲಿ ಇವನಿಗೆ ಯಾವ ಕೆಲಸ' ಅಂತ ಇರಬೇಕು. ನೇರ ಓಡಿ ಎಲ್ಲರನ್ನೂ ಹಿಂದೆ ಹಾಕುವ ಕೆಲಸಕ್ಕೆ ಕಪ್ ಅವರನ್ನು ತೆಗೆದುಕೊಂಡಿದ್ದರೆ 4.62 ಎಂಬ ಅಂಕಿ ಸರಿಯಾದ ಎಚ್ಚರಿಕೆಯೇ ಆಗುತ್ತಿತ್ತು.

2021ರಲ್ಲಿ ಕಪ್ 145 ಚೆಂಡು, 1,947 ಗಜ, 16 ಟಚ್‌ಡೌನ್ ಮಾಡಿ ಮೂರರಲ್ಲೂ ಇಡೀ ಲೀಗಿನಲ್ಲಿ ಮೊದಲಿಗರಾದರು. 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಕೊನೆಯ ಹಂತ, ರ‍್ಯಾಮ್ಸ್ ಹಿಂದೆ ಇದೆ, ನಾಲ್ಕನೇ ಹಾಗೂ ಕೊನೆಯ ಪ್ರಯತ್ನ, ಒಂದು ಗಜ ಬೇಕು. ಚೆಂಡನ್ನು ಎಸೆಯಲಿಲ್ಲ, ಅಡ್ಡ ಓಡಿ ಬಂದ ಕಪ್ ಕೈಗೇ ಕೊಟ್ಟರು. ಅವರು 7 ಗಜ ಓಡಿದರು. ಪಂದ್ಯ ಮುಗಿಯಲು 1 ನಿಮಿಷ 25 ಸೆಕೆಂಡು ಇರುವಾಗ ಗೆಲುವಿನ ಟಚ್‌ಡೌನ್ ಹಿಡಿದರು. 23–20. ಪಂದ್ಯದ ಶ್ರೇಷ್ಠ ಆಟಗಾರ ಅವರೇ. ಎದುರಾಳಿ ಯಾರು ಗೊತ್ತಾ? ಸಿನ್ಸಿನಾಟಿ ಬೆಂಗಾಲ್ಸ್.

177

ಒಮ್ಮೆ ಆಗಿದ್ದು ಅದೃಷ್ಟ ಅನ್ನಬಹುದು. 2023ರಲ್ಲಿ ಅದೇ ರ‍್ಯಾಮ್ಸ್ ಐದನೇ ಸುತ್ತಿನಲ್ಲಿ 177ನೇ ಆಯ್ಕೆಯಾಗಿ ಪೂಕಾ ನಕುವಾ ಅವರನ್ನು ತೆಗೆದುಕೊಂಡಿತು. ಇವರು ಕಣ್ತಪ್ಪಿದ ಕಾರಣ ಬೇರೆ ಥರ. ಮೊದಲು ವಾಷಿಂಗ್ಟನ್, ಆಮೇಲೆ ಯೂಟಾದ ಬಿವೈಯು, ಹೀಗೆ ಎರಡು ಕಾಲೇಜು. ಪಾದದ ಮೂಳೆ ಮುರಿತ, ಬೇರೆ ಗಾಯಗಳು, ತಪ್ಪಿದ ಪಂದ್ಯಗಳು. ಕೊನೆಯ ವರ್ಷ 48 ಚೆಂಡು ಮಾತ್ರ. 40 ಗಜ ಓಟ 4.57. ಹಾಳೆಯ ಮೇಲೆ ಏನೂ ಮಿಂಚುವುದಿಲ್ಲ.

ಆದರೆ ಆಡಿದ ದಿನಗಳ ವಿಡಿಯೊ ನೋಡಿದರೆ, ಚೆಂಡು ಹಿಡಿದ ಮೇಲೆ ಈ ಮನುಷ್ಯ ಒಬ್ಬನೇ ಎದುರಾಳಿಯಿಂದ ಬೀಳುವುದಿಲ್ಲ. ಓಡುಗನ ಥರ ಕೈಗೆ ಚೆಂಡು ಕೊಟ್ಟು ಓಡಿಸಿದ್ದೂ ಇದೆ. ಬ್ಲಾಕ್ ಮಾಡುವುದನ್ನು ಸಂತೋಷದಿಂದ ಮಾಡುತ್ತಾರೆ. ಕಪ್ ಮಾಡುವ ಕೆಲಸಕ್ಕೆ ಇನ್ನೊಬ್ಬರು ಬೇಕು ಅಂತ ಹುಡುಕುತ್ತಿದ್ದ ತಂಡಕ್ಕೆ ಇದಕ್ಕಿಂತ ಏನು ಬೇಕು? 2023ರ ಸೀಸನ್ ಶುರುವಾಗುವಾಗ ಕಪ್ ಗಾಯಗೊಂಡು ಹೊರಗಿದ್ದರು. ನಕುವಾ ಮೊದಲ ಪಂದ್ಯದಲ್ಲಿ 10 ಚೆಂಡು, ಎರಡನೆಯದರಲ್ಲಿ 15. ವರ್ಷದ ಕೊನೆಗೆ 105 ಚೆಂಡು, 1,486 ಗಜ. ಹೊಸ ಆಟಗಾರರ ಎರಡೂ ದಾಖಲೆ ಮುರಿದವು. ಗಜಗಳ ದಾಖಲೆಯಂತೂ 1960ರಿಂದ ಇದ್ದಿದ್ದು.

ಡ್ರಾಫ್ಟ್‌ನಲ್ಲಿ ಹೆಸರೇ ಬರದವರ ದಾರಿ ಇನ್ನೂ ಇಕ್ಕಟ್ಟು. 2013ರಲ್ಲಿ ಮಿನೆಸೋಟದ ಚಿಕ್ಕ ಕಾಲೇಜಿನ ಆಡಮ್ ತೀಲನ್ ಅವರನ್ನು ಯಾರೂ ಆರಿಸಲಿಲ್ಲ. ಊರಿನ ತಂಡ ವೈಕಿಂಗ್ಸ್‌ನ ಟ್ರಯಲ್‌ಗೆ ಹೋದರು, ಪ್ರಾಕ್ಟೀಸ್ ತಂಡದಲ್ಲಿ ಒಂದು ವರ್ಷ ಕಳೆದರು. ಇಂಥವರಿಗೆ ಜಾಗ ಸಿಗುವುದು ಚೆಂಡು ಹಿಡಿಯುವುದರಿಂದ ಅಲ್ಲ. 53 ಜನರ ತಂಡದಲ್ಲಿ ರಿಸೀವರ್‌ಗಳು ಐದಾರು. ಐದನೆಯವನಿಗೆ ಚೆಂಡು ಬರುವುದೇ ಅಪರೂಪ. ಅವನು ಒದ್ದ ಚೆಂಡಿನ ಹಿಂದೆ ಓಡಿ ಎದುರಾಳಿಯನ್ನು ಕೆಡವುವ ಸ್ಪೆಷಲ್ ಟೀಮ್ಸ್ ಕೆಲಸ ಮಾಡಬೇಕು. ಅದಕ್ಕೇ ಕೊನೆಯ ಸುತ್ತಿನ ರಿಸೀವರ್ ಬಗ್ಗೆ ಸ್ಕೌಟ್ ಬರೆಯುವ ವರದಿಯಲ್ಲಿ 'ಟ್ಯಾಕಲ್ ಮಾಡುತ್ತಾನಾ' ಎಂಬ ಸಾಲು ಇರುತ್ತದೆ. ತೀಲನ್ ಹಾಗೇ ಉಳಿದುಕೊಂಡರು. 2018ರ ಮೊದಲ ಎಂಟೂ ಪಂದ್ಯಗಳಲ್ಲಿ ಪ್ರತಿಯೊಂದರಲ್ಲೂ 100 ಗಜಕ್ಕೂ ಹೆಚ್ಚು ಮಾಡಿದರು.

ಇಲ್ಲಿ ಒಂದು ಮಾತು. ನಾನು ಹೇಳುತ್ತಿರುವುದೆಲ್ಲ ಗೆದ್ದವರ ಕಥೆ. 4.6 ಓಡಿದ, ಚಿಕ್ಕ ಕಾಲೇಜಿನ, ಬ್ರೇಕ್ ಚೆನ್ನಾಗಿರುವ ಹುಡುಗರು ಪ್ರತಿ ವರ್ಷ ಬರುತ್ತಾರೆ, ಬಹಳ ಜನ ಎರಡು ವರ್ಷದಲ್ಲಿ ಮನೆಗೆ ಹೋಗುತ್ತಾರೆ. ನಿಧಾನ ಓಡುವುದು ಒಂದು ಗುಣ ಅಂತ ಯಾರೂ ತಿಳಿಯಬಾರದು. ರ‍್ಯಾಮ್ಸ್ ಕೂಡ ತಪ್ಪಿದೆ. 2021ರ ಡ್ರಾಫ್ಟ್‌ನಲ್ಲಿ 57ನೇ ಆಯ್ಕೆಯಾಗಿ ಟುಟು ಆಟ್ವೆಲ್ ಎಂಬ ಸಣ್ಣ ಮೈಕಟ್ಟಿನ, ಮಿಂಚಿನ ವೇಗದ ರಿಸೀವರ್‌ನನ್ನು ತೆಗೆದುಕೊಂಡಿತು. ಕೋವಿಡ್‌ನಿಂದಾಗಿ ಆ ವರ್ಷ ಇಂಡಿಯಾನಾಪೊಲಿಸ್‌ನ ಕಂಬೈನ್ ಇರಲಿಲ್ಲ. ಆಟ್ವೆಲ್ ತಂಡದಲ್ಲಿ ಉಳಿದರು, ಆದರೆ ಎರಡನೇ ಸುತ್ತಿಗೆ ತಕ್ಕ ಆಟಗಾರ ಆಗಲಿಲ್ಲ.

ಅದೇ ಡ್ರಾಫ್ಟ್‌ನಲ್ಲಿ 112ನೇ ಆಯ್ಕೆಯವರೆಗೆ ಕಾದ ಇನ್ನೊಬ್ಬ ರಿಸೀವರ್ ಇದ್ದರು, ಆಮನ್-ರಾ ಸೇಂಟ್ ಬ್ರೌನ್. ತನಗಿಂತ ಮೊದಲು ಹೋದ 16 ರಿಸೀವರ್‌ಗಳ ಹೆಸರನ್ನು ಅವರು ಇವತ್ತಿಗೂ ಸಾಲಾಗಿ ಬಾಯಿಪಾಠ ಹೇಳುತ್ತಾರೆ. ಅದರಲ್ಲಿ ಆಟ್ವೆಲ್ ಹೆಸರೂ ಇದೆ. ಸೇಂಟ್ ಬ್ರೌನ್ ಅವರನ್ನು ಕರೆದಿದ್ದು ಡೆಟ್ರಾಯಿಟ್ ಲಯನ್ಸ್. 2023ರಲ್ಲಿ ಅವರು 119 ಚೆಂಡು ಹಿಡಿದು 1,515 ಗಜ ಮಾಡಿದರು. ಎಸೆದಿದ್ದು ರ‍್ಯಾಮ್ಸ್ ಬಿಟ್ಟುಕೊಟ್ಟಿದ್ದ ಅದೇ ಜೇರೆಡ್ ಗಾಫ್. ಸೇಂಟ್ ಬ್ರೌನ್ ಅವರನ್ನು ಆರಿಸಿದ್ದು 2021ರ ಜನವರಿಯಲ್ಲಿ ಲಯನ್ಸ್‌ನ ಜನರಲ್ ಮ್ಯಾನೇಜರ್ ಆಗಿ ಬಂದಿದ್ದ ಬ್ರಾಡ್ ಹೋಮ್ಸ್. ಅದಕ್ಕೆ ಮೊದಲು ಅವರು ಇದ್ದಿದ್ದು ರ‍್ಯಾಮ್ಸ್‌ನಲ್ಲಿ, ಕಾಲೇಜು ಸ್ಕೌಟಿಂಗ್ ಮುಖ್ಯಸ್ಥರಾಗಿ. 2017ರಲ್ಲಿ ಕಪ್ ಹೆಸರು ಬಂದಾಗಲೂ ಆ ಕುರ್ಚಿಯಲ್ಲಿ ಅವರೇ ಇದ್ದರು.